ಏಳನೇ ಪುಟ ಸೇರಿಸುವಾಗ: ಡ್ರೀಮ್‌ವೀವರ್, ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್ ಮೆನುಗಳ ಹೋಲಿಕೆ

ಗುಳೇದಗುಡ್ಡದಲ್ಲಿ ನಮ್ಮ ಕಾಕಾನ ಅಂಗಡಿ ಇದೆ. ಖಣ, ಇಳಕಲ್ ಸೀರೆ ಮಾರುತ್ತಾರೆ, ಮನೆಯಲ್ಲೇ ಎರಡು ಮಗ್ಗ. ಹೋದ ದೀಪಾವಳಿಗೆ ಮುಂಚೆ ಅವರಿಗೊಂದು ವೆಬ್‌ಸೈಟ್ ಮಾಡಿಕೊಡಲು ಕೂತೆ. ಫೋಟೊ, ಬರಹ ಬೇಗ ಮುಗಿದವು. ದಿನ ತಿಂದದ್ದು ಪುಟದ ತಲೆಯ ಮೇಲೆ ಬರುವ ಮೆನು. ಮುಖಪುಟ, ಸೀರೆ, ಖಣ, ನಮ್ಮ ಮಗ್ಗ, ಬೆಲೆ, ಫೋನ್ ಅಂತ ಆರು ಪುಟ. ಇವೇ ಆರನ್ನು ವೆಬ್‌ಸೈಟ್ ಕಟ್ಟುವ ಸಾಧನಗಳಾದ ಡ್ರೀಮ್‌ವೀವರ್, ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್ ಮೂರರಲ್ಲೂ ಕಟ್ಟಿದೆ. ಮೂರಕ್ಕೂ ಒಂದೇ ಪರೀಕ್ಷೆ: ನಾಳೆ ‘ಕಸೂತಿ’ ಅಂತ ಏಳನೇ ಪುಟ ಬಂದರೆ ಮೆನು ಏನಾಗುತ್ತದೆ?

ಡ್ರೀಮ್‌ವೀವರ್ ನನಗೆ ಹಳೆಯ ಸಲಿಗೆ. ಮೊದಲು ಅದರಲ್ಲಿ ನ್ಯಾವಿಗೇಷನ್ ಬಾರ್ ಎಂಬ ಆಜ್ಞೆಯೇ ಇತ್ತು. ಪ್ರತಿ ಗುಂಡಿಗೂ ನಾಲ್ಕು ಸ್ಥಿತಿಗಳ ಚಿತ್ರ ಕೊಡಬಹುದಿತ್ತು: ಸುಮ್ಮನಿದ್ದಾಗ, ಮೌಸ್ ಮೇಲೆ ಬಂದಾಗ, ಒತ್ತಿದಾಗ, ಒತ್ತಿದ ಮೇಲೆ ಮತ್ತೆ ಮೌಸ್ ಬಂದಾಗ. 2010ರ ಸಿಎಸ್5 ಆವೃತ್ತಿಯಿಂದ ತಯಾರಕರು ಅದನ್ನು ಕೈಬಿಟ್ಟು, ಸ್ಪ್ರೈ ಎಂಬ ಸಿದ್ಧ ಮೆನು ಬಳಸಿ ಎಂದರು. ಮುಂದೆ ಸಿಸಿ ಆವೃತ್ತಿ ಬಂದಾಗ ಸ್ಪ್ರೈ ಕೂಡ ಹೋಯಿತು. ಈಗ ಇನ್ಸರ್ಟ್ ಮೆನುವಿನ ಬೂಟ್‌ಸ್ಟ್ರಾಪ್ (ಸಿದ್ಧ ವಿನ್ಯಾಸ ಭಾಗಗಳ ಸಂಗ್ರಹ) ವಿಭಾಗದಿಂದ ಸಿದ್ಧ ನ್ಯಾವ್‌ಬಾರ್, ಅಂದರೆ ಮೆನು ಪಟ್ಟಿ, ತಂದು ಹಾಕಬೇಕು. ಮೊಬೈಲಿನಲ್ಲಿ ತಾನಾಗಿಯೇ ಮೂರು ಗೆರೆಯ ಗುಂಡಿಯಾಗುತ್ತದೆ. ಬೇಡದ ಹುಡುಕು ಪೆಟ್ಟಿಗೆಯನ್ನೂ ಮಾದರಿ ಲಿಂಕುಗಳನ್ನೂ ಕೋಡಿನಲ್ಲಿ ನಾವೇ ಅಳಿಸಬೇಕು.

ಇಲ್ಲಿ ಮೆನುವನ್ನು ಟೆಂಪ್ಲೇಟ್ (ಎಲ್ಲ ಪುಟಗಳಿಗೂ ಒಂದೇ ಅಚ್ಚು) ಒಳಗೆ ಇಡುವುದೇ ಸರಿ. ಪ್ರತಿ ಪುಟದಲ್ಲೂ ಬದಲಾಗಬೇಕಾದ ಜಾಗವನ್ನಷ್ಟೇ ತಿದ್ದಬಹುದಾದ ಭಾಗ ಎಂದು ಗುರುತಿಸಿ, ಉಳಿದದ್ದಕ್ಕೆ ಬೀಗ ಹಾಕಿದಂತೆ. ಟೆಂಪ್ಲೇಟಿನಲ್ಲಿ ‘ಕಸೂತಿ’ ಸೇರಿಸಿ ಉಳಿಸಿದೊಡನೆ ಎಲ್ಲ ಪುಟಗಳನ್ನೂ ತಿದ್ದಲೇ ಎಂದು ಅದೇ ಕೇಳುತ್ತದೆ. ಹೌದು ಎಂದೆ. ಆದರೆ ಆ ತಿದ್ದುಪಡಿ ಆಗುವುದು ನನ್ನ ಕಂಪ್ಯೂಟರಿನಲ್ಲಿ. ಸೈಟು ಇರುವ ಸರ್ವರಿಗೆ ಏಳೂ ಪುಟ ಮತ್ತೆ ಏರಿಸಬೇಕು. ನಾನು ಹೊಸ ಪುಟವೊಂದನ್ನೇ ಏರಿಸಿ ಮಲಗಿದೆ. ಬೆಳಿಗ್ಗೆ ಕಾಕಾನ ಫೋನು: “ತಮ್ಮಾ, ಕಸೂತಿ ಎಲ್ಲೈತಿ? ಕಾಣವಲ್ದು.” ಹಳೆಯ ಆರು ಪುಟಗಳಲ್ಲಿ ಹಳೆಯ ಮೆನುವೇ ಕೂತಿತ್ತು.

ಇನ್ನೊಂದು ತಪ್ಪು ಪೂರ್ತಿ ಕನ್ನಡದ್ದು, ಕನ್ನಡ ಸೈಟು ಮಾಡುವವರೆಲ್ಲ ನೋಡಿಕೊಳ್ಳಬೇಕಾದದ್ದು. ಹಿಂದೊಮ್ಮೆ ಇಂಗ್ಲಿಷ್ ಸೈಟಿಗೆ ಬರೆದಿದ್ದ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಕೋಡು) ಅನ್ನೇ ಇದಕ್ಕೂ ತಂದು ಹಾಕಿದ್ದೆ. ಮೆನು ಪಟ್ಟಿಯ ಎತ್ತರ ಬಿಗಿ, ಸಾಲಿನ ಎತ್ತರ 1, ಹೊರಚೆಲ್ಲಿದ್ದನ್ನು ಮರೆಮಾಡು ಎಂಬ ಸೂಚನೆ ಬೇರೆ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅದೆಲ್ಲ ಕತ್ತರಿಸಿಹೋಗಿ ‘ನಮ್ಮ ಮಗ್ಗ’ ಹೋಗಿ ‘ನಮ ಮಗ’ ಆಗಿ ಕೂತಿತು. ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಕೂತು ನೇಯ್ದ ಮನುಷ್ಯನ ಪುಟದಲ್ಲಿ ಮಗ್ಗವೇ ಇಲ್ಲದಂತಾದರೆ ಹೇಗೆ? ಸಾಲಿನ ಎತ್ತರ 1.6 ಮಾಡಿ, ಎತ್ತರದ ಬಿಗಿ ತೆಗೆದು ಕೆಳಗೆ ಸ್ವಲ್ಪ ಜಾಗ ಬಿಟ್ಟ ಮೇಲೆ ಒತ್ತು ವಾಪಸ್ ಬಂತು. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಗೋಜಿಗೂ ಹೋಗಬೇಡಿ, ಕನ್ನಡ ಪದ ಚದುರಿದಂತೆ ಕಾಣುತ್ತದೆ. ಇಷ್ಟು ಸೂಕ್ಷ್ಮವಾಗಿ ತಿದ್ದುವ ಸ್ವಾತಂತ್ರ್ಯ ಮೂರರಲ್ಲಿ ಹೆಚ್ಚು ಸಿಕ್ಕಿದ್ದು ಡ್ರೀಮ್‌ವೀವರಿನಲ್ಲೇ.

ಗೂಗಲ್ ಸೈಟ್ಸ್ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಗುಣ. ಪುಟಗಳ ಪಟ್ಟಿಯಲ್ಲಿ ಹೊಸ ಪುಟ ಮಾಡಿದರೆ ಮೆನುವಿನಲ್ಲಿ ತಾನೇ ಬರುತ್ತದೆ. ಒಂದು ಪುಟವನ್ನು ಇನ್ನೊಂದರ ಮೇಲೆ ಎಳೆದು ಬಿಟ್ಟರೆ ಉಪಮೆನು. ಸೀರೆಯ ಕೆಳಗೆ ಗೋಮಿ, ಗಾಡಿ ಅಂಚುಗಳಿಗೆ ಬೇರೆ ಬೇರೆ ಪುಟ ಇಟ್ಟದ್ದು ಹಾಗೆ. ತೋರಿಸಬಾರದ ಪುಟವನ್ನು ಮೆನುವಿನಿಂದ ಮರೆಮಾಡಬಹುದು. ಮೆನು ಮೇಲೆ ಇರಲಿ ಅಥವಾ ಪಕ್ಕದಲ್ಲಿರಲಿ, ಎರಡೇ ಆಯ್ಕೆ. ನಮ್ಮದೇ ಸಿಎಸ್‌ಎಸ್ ಬರೆದು ಅದನ್ನು ತಿದ್ದಲು ಬರುವುದಿಲ್ಲ. ನನಗೆ ಅದು ಚುಚ್ಚಿತು, ಕಾಕಾ ಗಮನಿಸಲೇ ಇಲ್ಲ.

ವರ್ಡ್‌ಪ್ರೆಸ್‌ನಲ್ಲಿ 2022ರ ಜನವರಿಯ 5.9 ಆವೃತ್ತಿಯಿಂದ ನ್ಯಾವಿಗೇಷನ್ ಬ್ಲಾಕ್, ಅಂದರೆ ಮೆನುವಿಗಾಗಿಯೇ ಇರುವ ತುಂಡು, ಬಂದಿದೆ. ಬ್ಲಾಕ್ ಥೀಮ್ (ಇಂಥ ತುಂಡುಗಳಿಂದಲೇ ಕಟ್ಟಿದ ವಿನ್ಯಾಸ) ಇದ್ದರೆ ಎಡಿಟರಿನೊಳಗೆ ಹೆಡರ್, ಅಂದರೆ ಪುಟದ ತಲೆಭಾಗ, ತೆರೆದು ಅಲ್ಲೇ ಮೆನು ಕಟ್ಟಬಹುದು. ಮೂರು ಗೆರೆಯ ಗುಂಡಿ ಮೊಬೈಲಿಗೆ ಮಾತ್ರವೇ, ಯಾವಾಗಲೂ ಬೇಕೇ, ಬೇಡವೇ ಬೇಡವೇ ಎಂದು ಕೇಳುತ್ತದೆ. ಸಾಲಿನ ಎತ್ತರವನ್ನೂ ಕೋಡಿಲ್ಲದೆ ಬದಲಿಸಬಹುದು. ತಿಳಿದಿರಬೇಕಾದದ್ದು ಇದು: ಪುಟಗಳ ಪಟ್ಟಿ ಎಂಬ ಬ್ಲಾಕ್ ಹಾಗೆಯೇ ಇದ್ದರೆ ಹೊಸ ಪುಟ ತಾನಾಗಿ ಸೇರುತ್ತದೆ, ಕ್ರಮ ಬದಲಿಸಲೆಂದು ಅದನ್ನು ಬಿಡಿ ಲಿಂಕುಗಳಾಗಿ ಒಡೆದರೆ ಆಮೇಲೆ ಸೇರುವುದಿಲ್ಲ. ನಾನು ಒಡೆದಿದ್ದೆ. ಹಾಗಾಗಿ ಕಸೂತಿಯನ್ನು ಕೈಯಾರೆ ಸೇರಿಸಬೇಕಾಯಿತು.

ಪುಟದ ವಿಳಾಸದ ಕಡೆಗೂ ಕಣ್ಣಿಡಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಅದನ್ನು ವಾಟ್ಸಾಪಿಗೆ ನಕಲು ಮಾಡಿದಾಗ ‘ಸೀರೆ’ ಎಂಬ ಎರಡಕ್ಷರ ಶೇಕಡಾ ಚಿಹ್ನೆಗಳು ತುಂಬಿದ 36 ಅಕ್ಷರಗಳ ಬಾಲವಾಗಬಹುದು. ಪುಟ ಪ್ರಕಟಿಸುವ ಮೊದಲೇ ವಿಳಾಸವನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಬಿಟ್ಟರೆ ಈ ಕಾಟವಿಲ್ಲ.

ಮೂರಕ್ಕೂ ಸಾಮಾನ್ಯವಾದ ಒಂದು ಎಡವಟ್ಟು ಇದೆ. ಅಂಗಡಿಯ ಹಳೆಯ ಕರಪತ್ರದ ಬರಹ ನುಡಿ ಫಾಂಟಿನ ಹಳೆಯ ವಿಧಾನದಲ್ಲಿತ್ತು. ಅದನ್ನು ಮೆನುವಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಎಲ್ಲ ಕಡೆ ಓದಬರುವ ಯುನಿಕೋಡಿಗೆ ಪರಿವರ್ತಿಸಿ, ಒತ್ತುಗಳನ್ನು ಒಂದೊಂದಾಗಿ ಓದಿ ನೋಡಿಯೇ ಹಾಕಬೇಕು.

ನನಗಾಗಿ ಮಾಡಿಕೊಳ್ಳುವುದಾದರೆ ಡ್ರೀಮ್‌ವೀವರ್. ಹತ್ತಾರು ಪುಟ, ಪ್ರತಿ ವಾರ ಹೊಸ ಬರಹ ಇರುವ ಅಂಗಡಿಗೆ ವರ್ಡ್‌ಪ್ರೆಸ್. ಕಾಕಾನಿಗೆ ಕೊಟ್ಟದ್ದು ಗೂಗಲ್ ಸೈಟ್ಸ್, ಏಕೆಂದರೆ ಮುಂದಿನ ಪುಟ ಸೇರಿಸುವವಳು ಅವರ ಮಗಳು, ನಾನಲ್ಲ. ಹೋದ ವಾರ ಲ್ಯಾಪ್‌ಟಾಪಿನಲ್ಲಿ ಅವಳೇ ‘ಕಸೂತಿ’ ಪುಟ ಮಾಡಿದಳು. ಅದು ಮೆನುವಿನ ಕೊನೆಗೆ ಹೋಗಿ ಕೂತಿತ್ತು. “ಫೋನ್ ಕಡೀಕ್ ಇರ್ಲಿ, ಕಸೂತಿ ಖಣದ ಬಾಜೂಕ್ ಹಾಕವ್ವಾ” ಅಂದರು ಕಾಕಾ. ಅವಳು ಎಳೆದು ಖಣದ ಪಕ್ಕಕ್ಕೆ ಬಿಟ್ಟು, ಪ್ರಕಟಿಸು ಒತ್ತಿದಳು.