ಎಲ್ಲ ಬ್ಯಾಂಡಿಗೂ ಎಸ್‌ಡಬ್ಲ್ಯುಆರ್ 1.2 ಅಂತ ಮಾರುವ ಆಂಟೆನಾ ದಯವಿಟ್ಟು ಕೊಳ್ಳಬೇಡಿ

ಹ್ಯಾಮ್ (ಹವ್ಯಾಸಿ ರೇಡಿಯೋ) ಮಿತ್ರರೇ, ಇದನ್ನು ಬರೆಯಲೋ ಬೇಡವೋ ಅಂತ ಒಂದು ವಾರ ಒದ್ದಾಡಿದೆ. (ಹೊಸಬರಿಗೆ: ಎಸ್‌ಡಬ್ಲ್ಯುಆರ್ ಅಂದರೆ ಆಂಟೆನಾಗೆ ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಅಳತೆ. 1 ಇದ್ದರೆ ಏನೂ ವಾಪಸ್ ಬರುವುದಿಲ್ಲ.) ನಾಚಿಕೆ ಆಗುತ್ತದೆ. 13 ವರ್ಷದಿಂದ ಕಾಲ್‌ಸೈನ್ (ಹ್ಯಾಮ್‌ನ ಗುರುತು) ಇಟ್ಟುಕೊಂಡಿರುವವನು ನಾನು, ಹೊಸಬರಿಗೆ ಡೈಪೋಲ್ (ಎರಡು ತುಂಡು ವೈರಿನ ಆಂಟೆನಾ) ಲೆಕ್ಕ ಹೇಳಿಕೊಡುವವನು, ನಾನೇ ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳುವುದು ಹೇಗೆ? ಆದರೆ ನಿನ್ನೆ ಒಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದೇ ಬೂದು ಡಬ್ಬಿಯ ಆಂಟೆನಾದ ಫೋಟೋ ಹಾಕಿ "ಇದು ಹೇಗಿದೆ, ತಗೋಬಹುದಾ" ಅಂತ ಕೇಳಿದ್ದರು. ಅಂದರೆ ನನಗೆ ಮಾರಿದ ಆ ಮನುಷ್ಯ ಇನ್ನೂ ಮಾರುತ್ತಿದ್ದಾನೆ. ಇನ್ನು ಸುಮ್ಮನಿದ್ದರೆ ತಪ್ಪು ನನ್ನದೂ ಆಗುತ್ತದೆ.

ಹಳೇ ಮನೆಯಲ್ಲಿ ಎರಡು ತೆಂಗಿನ ಮರದ ನಡುವೆ 40 ಮೀಟರ್ ಬ್ಯಾಂಡಿನ (ತರಂಗದ ಉದ್ದ ಸುಮಾರು 40 ಮೀಟರ್) ಡೈಪೋಲ್ ಕಟ್ಟಿದ್ದೆ. ಹಾಸನದ ಈ ಮನೆಗೆ ಬಂದ ಮೇಲೆ ಥರ್ಟಿ ಫಾರ್ಟಿ ಸೈಟು, ಮೂರು ಕಡೆ ಮನೆ, ವೈರ್ ಎಳೆಯಲು ಜಾಗ ಇಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ಇದು. ಒಂದು ಬೂದು ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ 2.5 ಮೀಟರ್ ಅಲ್ಯೂಮಿನಿಯಂ ಸರಳು, ಕೆಳಗೆ ಎಸ್‌ಒ-239 ಸಾಕೆಟ್, ಅಷ್ಟೇ. 80ರಿಂದ 10 ಮೀಟರ್‌ವರೆಗೆ ಎಲ್ಲ ಬ್ಯಾಂಡ್, ಟ್ಯೂನರ್ (ಆಂಟೆನಾ ಹೊಂದಿಸುವ ಪೆಟ್ಟಿಗೆ) ಬೇಡ, ರೇಡಿಯಲ್ (ಬುಡದಲ್ಲಿ ಹರಡುವ ವೈರ್) ಬೇಡ, ಲೋ ನಾಯ್ಸ್, ಗೇನ್ (ಒಂದು ದಿಕ್ಕಿಗೆ ಸಿಗ್ನಲ್ ಬಲಪಡಿಸುವ ಅಳತೆ) 9 ಡಿಬಿಐ ಅಂತ ಮಾರುವವನ ಮಾತು. ಬೆಲೆ 11,500 ರೂಪಾಯಿ, ಕೊರಿಯರ್ ಫ್ರೀ.

ಈಗ ಓದುವವರಿಗೆ ಸಿಟ್ಟು ಬರಬಹುದು. 9 ಡಿಬಿಐ ಎಲ್ಲಿಂದ ಬರುತ್ತದೆ? ಅರ್ಧ ತರಂಗದ ಡೈಪೋಲ್‌ಗೇ ಇರುವುದು 2.15. 40 ಮೀಟರ್‌ಗೆ ಕಾಲು ತರಂಗದ ವರ್ಟಿಕಲ್ ನಿಲ್ಲಿಸಬೇಕಾದರೆ 10 ಮೀಟರ್ ಎತ್ತರ ಬೇಕು, ಇವನದು ಎರಡೂವರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ದುಡ್ಡು ಹಾಕಿದೆ ಅಂದರೆ ಅವನು ಕಳಿಸಿದ ವಿಡಿಯೋ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಯಂತ್ರ) ಹಚ್ಚಿ 3ರಿಂದ 30 ಮೆಗಾಹರ್ಟ್ಸ್‌ವರೆಗೆ ಓಡಿಸಿ ತೋರಿಸಿದ್ದ. ಎಸ್‌ಡಬ್ಲ್ಯುಆರ್ ಗೆರೆ ಉದ್ದಕ್ಕೂ ತಳದಲ್ಲೇ ಮಲಗಿತ್ತು. ಕೊನೆಯಲ್ಲಿ ಮಾತ್ರ ಸ್ವಲ್ಪ ಮೇಲೆ. ಅದನ್ನು ನೋಡಿ "ಅಬ್ಬಾ" ಅಂದೆ. ಅನುಮಾನ ಪಡಬೇಕಾದ ಜಾಗದಲ್ಲಿ ಖುಷಿ ಪಟ್ಟೆ. ನಿಜವಾದ ಆಂಟೆನಾದ ಗೆರೆ ಕಣಿವೆ ಇದ್ದಂತೆ ಇರುತ್ತದೆ, ತನ್ನ ಫ್ರೀಕ್ವೆನ್ಸಿಯಲ್ಲಿ ಕೆಳಗೆ ಇಳಿದು ಆಚೀಚೆ ಮೇಲಕ್ಕೆ ಏಳುತ್ತದೆ. ಅಷ್ಟು ಚಪ್ಪಟೆ ಗೆರೆ ಬರುವುದು ಡಮ್ಮಿ ಲೋಡಿಗೆ, ಅಂದರೆ ಪವರ್ ಎಲ್ಲ ಶಾಖ ಮಾಡಿಬಿಡುವ ಪರೀಕ್ಷಾ ರೆಸಿಸ್ಟರಿಗೆ. ಇದೂ ನನಗೆ ಗೊತ್ತಿತ್ತು!

2024ರ ಮೇ ಮೊದಲ ವಾರ ತಾರಸಿ ಮೇಲೆ ನಿಲ್ಲಿಸಿದೆ. ಮೀಟರ್ ನೋಡಿದರೆ 80ರಲ್ಲಿ 1.1, 40ರಲ್ಲಿ 1.2, 20ರಲ್ಲಿ 1.2, 15ರಲ್ಲಿ 1.4. 10 ಮೀಟರ್‌ನಲ್ಲಿ ಮಾತ್ರ 2. ಬ್ಯಾಂಡ್ ಅಂತೂ ಬಹಳ ಶಾಂತವಾಗಿತ್ತು. ಹಳೇ ಡೈಪೋಲ್‌ನಲ್ಲಿ ಕೇಳುತ್ತಿದ್ದ ಗೊರಗೊರ ಇಲ್ಲ. ಲೋ ನಾಯ್ಸ್ ಅಂದಿದ್ದು ನಿಜ ಅಂದುಕೊಂಡೆ. ಸಿಗ್ನಲ್ಲೇ ಒಳಗೆ ಬರುತ್ತಿಲ್ಲ ಅಂತ ಹೊಳೆಯಲಿಲ್ಲ.

ಮಾರನೇ ದಿನ ಬೆಳಿಗ್ಗೆ 40 ಮೀಟರ್ ನೆಟ್‌ನಲ್ಲಿ (ಹ್ಯಾಮ್‌ಗಳು ಸೇರಿ ಮಾತಾಡುವ ಕೂಟ) ಕೂಗಿದೆ. ಯಾರೂ ತಗೊಳ್ಳಲಿಲ್ಲ. ಮತ್ತೆ ಕೂಗಿದೆ. ಮೂರನೇ ಸಲ ನೆಟ್ ಕಂಟ್ರೋಲ್ ಮಾಡುತ್ತಿದ್ದ ಹಿರಿಯರು "ಯಾರೋ ನಾಯ್ಸ್ ಒಳಗೆ ಇದ್ದೀರಿ, ಕಾಲ್‌ಸೈನ್ ತಿಳೀತಾ ಇಲ್ಲ" ಅಂದರು. ವರ್ಷಗಟ್ಟಲೆ ನನಗೆ 59 (ಪೂರ್ತಿ ಸ್ಪಷ್ಟ, ಜೋರು ಸಿಗ್ನಲ್) ಕೊಟ್ಟವರು ಅವರು.

ಮಾರಿದವನಿಗೆ ಮೆಸೇಜ್ ಹಾಕಿದೆ. ಅವನ ಉತ್ತರಗಳನ್ನು ಇಲ್ಲಿ ಹಾಗೇ ಹಾಕುತ್ತೇನೆ, ಯಾಕೆಂದರೆ ನಿಮಗೂ ಇವೇ ಬರುತ್ತವೆ.

"ಎಸ್‌ಡಬ್ಲ್ಯುಆರ್ ಎಷ್ಟಿದೆ ಸರ್?"

"1.2."

"ಹಾಗಾದ್ರೆ ಆಂಟೆನಾ ಪರ್ಫೆಕ್ಟ್. ಪವರ್ ವಾಪಸ್ ಬರ್ತಾ ಇಲ್ಲ ಅಂದ್ರೆ ಎಲ್ಲಾ ಗಾಳಿಗೆ ಹೋಗ್ತಾ ಇದೆ ಅಂತ ತಾನೇ ಸರ್?"

ಈ ಒಂದು ಮಾತನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ವಾಪಸ್ ಬರುತ್ತಿಲ್ಲ ಅಂದರೆ ವಾಪಸ್ ಬರುತ್ತಿಲ್ಲ ಅಂತ ಮಾತ್ರ ಅರ್ಥ. ಎಲ್ಲಿಗೆ ಹೋಗುತ್ತಿದೆ ಅಂತ ಮೀಟರ್ ಹೇಳುವುದಿಲ್ಲ. ಗಾಳಿಗೂ ಹೋಗಬಹುದು, ಸುಮ್ಮನೆ ಶಾಖವಾಗಿಯೂ ಹೋಗಬಹುದು. ನಾನು ಎಷ್ಟೋ ಹುಡುಗರಿಗೆ ಹೇಳಿದ ಪಾಠ ಇದು. ಆ ಹೊತ್ತಿಗೆ "ಹೌದಲ್ವಾ" ಅಂದುಕೊಂಡು ಸುಮ್ಮನಾದೆ.

ಆಮೇಲೆ ಮೇ 10ರ ರಾತ್ರಿ ಆ ದೊಡ್ಡ ಸೌರ ಬಿರುಗಾಳಿ ಬಂತು. ನೆನಪಿದೆ ಅಲ್ವಾ, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾದಲ್ಲಿ ಅದು ಸಿಕ್ಕಿದ್ದು. ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡ್ ನಿಜಕ್ಕೂ ಕೆಟ್ಟು ಕೂತಿತ್ತು. ಅವನಿಗೆ ಅದು ವರವಾಯಿತು. "ಸೋಲಾರ್ ಸ್ಟಾರ್ಮ್ ಸರ್, ಎಲ್ಲರಿಗೂ ಇದೇ ಗೋಳು, ಒಂದು ತಿಂಗಳು ಕಾಯಿರಿ." ನಾನು ಕಾದೆ. ಬಿರುಗಾಳಿ ಕೆಲವು ದಿನದಲ್ಲಿ ಇಳಿಯಿತು, ಬೇರೆಯವರೆಲ್ಲ ಹಾಯಾಗಿ ಮಾತಾಡುತ್ತಿದ್ದರು, ನಾನು ಮಾತ್ರ ಕಾಯುತ್ತಲೇ ಇದ್ದೆ.

ಜೂನ್‌ನಲ್ಲಿ ಕೇಳಿದರೆ "ನಿಮ್ಮ ಅರ್ಥಿಂಗ್ ಸರಿ ಇಲ್ಲ ಸರ್." ರೇಡಿಯಲ್ ಬೇಡ, ಏನೂ ಬೇಡ ಅಂದವನು ಇವನೇ. ಆದರೂ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ತಾಮ್ರದ ರಾಡ್ ಇಳಿಸಿದೆ. ಇನ್ನೊಂದು 2,800 ರೂಪಾಯಿ ಹೋಯಿತು. ಏನೂ ಬದಲಾಗಲಿಲ್ಲ. ಆಮೇಲೆ "ರಿಗ್ ಸರ್ವಿಸ್ ಮಾಡಿಸಿ" ಅಂದ, ರಿಗ್ ಅಂದರೆ ರೇಡಿಯೋ ಸೆಟ್ಟು. ಆಮೇಲೆ "ನೀವು ಎಷ್ಟು ವರ್ಷದಿಂದ ಹ್ಯಾಮ್ ಸರ್?" ಅಂದ. ಹೇಳಿದೆ. "ಹಾಗಿದ್ರೆ ನಿಮಗೆ ಗೊತ್ತಿರಬೇಕಲ್ಲ ಸರ್, 1.2 ಅಂದ್ರೆ ಏನು ಅಂತ." ಆ ದಿನ ಊಟ ಸೇರಲಿಲ್ಲ ನನಗೆ.

ಜುಲೈನಲ್ಲಿ ಒಂದು ಭಾನುವಾರ ಮಧ್ಯಾಹ್ನ 50 ವ್ಯಾಟ್ ಇಟ್ಟು ಎಫ್‌ಟಿ8ರಲ್ಲಿ (ಕಂಪ್ಯೂಟರ್ ಮೂಲಕ ಕಳಿಸುವ ಡಿಜಿಟಲ್ ಸಂದೇಶ) ಕೂಗುತ್ತಾ ಕೂತಿದ್ದೆ. ಅರ್ಧ ಗಂಟೆ ಆದರೂ ಪಿಎಸ್‌ಕೆ ರಿಪೋರ್ಟರ್ (ಯಾರ ಸಿಗ್ನಲ್ ಎಲ್ಲಿ ಕೇಳಿತು ಅಂತ ತೋರಿಸುವ ವೆಬ್‌ಸೈಟ್) ನಕ್ಷೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಒಂದು ಸ್ಟೇಷನ್. ಅಷ್ಟರಲ್ಲಿ ಸಣ್ಣ ಸೋನೆ ಶುರುವಾಯಿತು. "ರೀ, ಬಟ್ಟೆ ತಗೊಂಡು ಬನ್ನಿ" ಅಂತ ಮನೆಯವಳು ಕೂಗಿದಳು. ಮೇಲೆ ಹೋದೆ. ಪ್ಯಾರಾಪೆಟ್ ಗೋಡೆ ಒದ್ದೆ, ನೀರಿನ ಟ್ಯಾಂಕ್ ಒದ್ದೆ, ಡಿಶ್ ಒದ್ದೆ. ಆ ಬೂದು ಡಬ್ಬಿ ಮಾತ್ರ ಒಣಗಿತ್ತು. ಹನಿ ಬಿದ್ದ ಜಾಗದಲ್ಲಿ ಒಂದು ಮಚ್ಚೆ ಮೂಡಿ, ನಾನು ನೋಡುತ್ತಿದ್ದಂತೆಯೇ ಅಂಚಿನಿಂದ ಒಳಕ್ಕೆ ಕುಗ್ಗಿ ಮಾಯವಾಗುತ್ತಿತ್ತು. ಕೆಳಗೆ ಓಡಿ ರಿಗ್ ಆಫ್ ಮಾಡಿ ಬಂದು ಕೈ ಇಟ್ಟೆ. ಆಗ ತಾನೇ ಕಾಫಿ ಬಗ್ಗಿಸಿದ ಲೋಟ ಮುಟ್ಟಿದ ಹಾಗೆ ಬಿಸಿ.

ಬಟ್ಟೆ ಅಲ್ಲೇ ನೆನೆಯಿತು. ನಾನು ಮಲ್ಟಿಮೀಟರ್ ತಂದೆ. ಕೋಯಾಕ್ಸ್ ಕೇಬಲ್ ಬಿಚ್ಚಿ ಸಾಕೆಟ್ಟಿನ ನಡುವಿನ ಪಿನ್ನಿಗೆ ಒಂದು ಕಡ್ಡಿ, ಹೊರಗಿನ ಬಳೆಗೆ ಒಂದು ಕಡ್ಡಿ. 49.8 ಓಮ್.

ಹೊಸಬರಿಗಾಗಿ ಹೇಳುತ್ತೇನೆ. ಬ್ಯಾಲನ್ (ಕೇಬಲ್ಲಿಗೂ ಡೈಪೋಲ್‌ಗೂ ನಡುವೆ ಹಾಕುವ ಟ್ರಾನ್ಸ್‌ಫಾರ್ಮರ್) ಇಲ್ಲದ ಬರೀ ಡೈಪೋಲ್‌ಗೆ ಮಲ್ಟಿಮೀಟರ್ ಇಟ್ಟರೆ ಏನೂ ತೋರಿಸಬಾರದು, ಎರಡು ತುಂಡು ವೈರ್, ಒಂದಕ್ಕೊಂದು ಸೇರಿಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದರೆ ಹೆಚ್ಚುಕಡಿಮೆ ಸೊನ್ನೆ ಬರಬೇಕು, ತಾಮ್ರದ ಸುತ್ತು ಅಷ್ಟೇ. ಸರಿಯಾಗಿ 50 ಬಂತು ಅಂದರೆ ಒಳಗೆ ರೆಸಿಸ್ಟರ್ ಇದೆ. ಎರಡು ನಿಮಿಷದ ಕೆಲಸ. ಕೊರಿಯರ್ ಬಂದ ದಿನವೇ ಮಾಡಬಹುದಿತ್ತು. ಮಾಡಲಿಲ್ಲ.

ಡಬ್ಬಿಯನ್ನು ಎಪಾಕ್ಸಿ ತುಂಬಿ ಮುಚ್ಚಿದ್ದ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದೆ. ಒಂದು ಗಂಟೆ ಹಿಡಿಯಿತು. ಒಳಗೆ ಕಾಯಿಲ್ ಇಲ್ಲ. ಫೆರೈಟ್ ಬಳೆ ಇಲ್ಲ. ಒಂದು ಅಲ್ಯೂಮಿನಿಯಂ ತಗಡು, ಅದರ ಮೇಲೆ ಎರಡು ಸ್ಕ್ರೂ ಹಾಕಿ ಕೂರಿಸಿದ ಪುಟ್ಟ ರೆಸಿಸ್ಟರ್, 50 ಓಮ್, 250 ವ್ಯಾಟ್ ಅಂತ ಮೇಲೆ ಬರೆದಿದೆ. ನಡುವಿನ ಪಿನ್ನಿನಿಂದ ಒಂದು ತಂತಿ ನೇರ ಸರಳಿಗೆ, ಅದೇ ಪಿನ್ನಿನಿಂದ ರೆಸಿಸ್ಟರ್ ಮೂಲಕ ಅರ್ಥ್‌ಗೆ. ಮುಗೀತು. ಎರಡೂವರೆ ತಿಂಗಳು ನಾನು ಡಮ್ಮಿ ಲೋಡಿಗೆ ಮಾತಾಡುತ್ತಿದ್ದೆ.

ಆ 10 ಮೀಟರ್ ಬ್ಯಾಂಡಿನ ವಿಷಯ ಆಮೇಲೆ ಹೊಳೆಯಿತು. ಎರಡೂವರೆ ಮೀಟರ್ ಸರಳು 28.5 ಮೆಗಾಹರ್ಟ್ಸ್‌ಗೆ ಸರಿಯಾಗಿ ಕಾಲು ತರಂಗ. ಆ ಒಂದು ಬ್ಯಾಂಡಿನಲ್ಲಿ ಸರಳು ತಾನೂ ಸ್ವಲ್ಪ ಪವರ್ ಎಳೆದುಕೊಳ್ಳುತ್ತಿತ್ತು. 50 ಓಮ್ ಜೊತೆಗೆ ಅದೂ ಪ್ಯಾರಲಲ್ ಆಗಿ ಸೇರಿ ಮೀಟರ್ 2 ತೋರಿಸುತ್ತಿತ್ತು. ಅಂದರೆ ಅದು ಆಂಟೆನಾ ಆಗಿ ಕೆಲಸ ಮಾಡುತ್ತಿದ್ದದ್ದು ಅಲ್ಲಿ ಮಾತ್ರ, ನಾನು "ಅಲ್ಲಿ ದೋಷ ಇದೆ" ಅಂತ ಆ ಬ್ಯಾಂಡನ್ನು ಮುಟ್ಟಲೇ ಇಲ್ಲ.

ಫೋಟೋ ತೆಗೆದು ಅವನಿಗೆ ಕಳಿಸಿದೆ. ಉತ್ತರ: "ಅದು ಮ್ಯಾಚಿಂಗ್ ಎಲಿಮೆಂಟ್ ಸರ್. ನಮ್ಮ ಡಿಸೈನ್. ಮಿಲಿಟರಿಯಲ್ಲೂ ರೆಸಿಸ್ಟರ್ ಹಾಕ್ತಾರೆ. ನೀವು ಡಬ್ಬಿ ಕೊಯ್ದಿದ್ದೀರಿ, ವಾರಂಟಿ ಹೋಯ್ತು." ರೆಸಿಸ್ಟರ್ ಹಾಕಿದ ಆಂಟೆನಾಗಳು ಇವೆ, ನಿಜ. ಟಿ2ಎಫ್‌ಡಿ ಅಂತ ಇದೆ. ಅದರಲ್ಲಿ ರೆಸಿಸ್ಟರ್ ಇರುವುದು ಆಚೆ ಕಡೆ ವೈರಿನ ನಡುವೆ, ಫೀಡ್ ಜಾಗದಲ್ಲಿ (ಕೇಬಲ್ ಸೇರುವ ಕಡೆ) ಅಡ್ಡಲಾಗಿ ಅಲ್ಲ. ಉದ್ದದ ವೈರ್ ಇರುತ್ತದೆ, ಪವರ್ ವಾಪಸ್ ಬರುವ ಮೊದಲು ಒಂದಷ್ಟಾದರೂ ಗಾಳಿಗೆ ಹೋಗಿರುತ್ತದೆ. ಒಂದಷ್ಟು ಪವರ್ ಶಾಖವಾಗಿ ಹೋಗುತ್ತದೆ ಅಂತ ಮಾರುವವರು ಹೇಳಿಯೇ ಮಾರುತ್ತಾರೆ. ಇದನ್ನೆಲ್ಲ ಟೈಪ್ ಮಾಡಿ ಕಳಿಸುವಷ್ಟರಲ್ಲಿ ಬ್ಲಾಕ್ ಮಾಡಿದ್ದ.

ಬಿಲ್ ಕೊಟ್ಟಿರಲಿಲ್ಲ. ಯುಪಿಐ ದುಡ್ಡು ಹೋಗಿದ್ದು ಯಾರದೋ ಸ್ವಂತ ಖಾತೆಗೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ದುಡ್ಡು ಬರುತ್ತದೆ ಅನ್ನುವ ಆಸೆ ಇಲ್ಲ.

ದುಡ್ಡಿಗಿಂತ ಜಾಸ್ತಿ ನೋವು ಇನ್ನೊಂದಿದೆ. ನಮ್ಮೂರಲ್ಲಿ ಒಬ್ಬ ಹುಡುಗ, ಎಂಜಿನಿಯರಿಂಗ್ ಎರಡನೇ ವರ್ಷ, ಈಚೆಗೆ ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ಬಂದಿದೆ. ಸಂಜೆ ಟ್ಯೂಷನ್ ಹೇಳಿ ದುಡ್ಡು ಕೂಡಿಸಿದ್ದ. ಮೇ ತಿಂಗಳಲ್ಲಿ "ಸರ್, ನಿಮ್ಮ ಹೊಸ ಆಂಟೆನಾ ಹೇಗಿದೆ?" ಅಂತ ಕೇಳಿದಾಗ "ಎಸ್‌ಡಬ್ಲ್ಯುಆರ್ ಅಂತೂ ಸೂಪರ್ ಕಣಪ್ಪ" ಅಂದುಬಿಟ್ಟೆ. ಯಾರೂ ನನ್ನನ್ನು ತಗೊಳ್ಳುತ್ತಿಲ್ಲ ಅಂತ ಹೇಳಲಿಲ್ಲ, ಹೇಳಲು ಮನಸ್ಸು ಬರಲಿಲ್ಲ. ಅವನು ನನ್ನ ಮಾತು ನಂಬಿ ತರಿಸಿಕೊಂಡ. ಡಬ್ಬಿ ಕೊಯ್ದ ಸಂಜೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ್ದು ಇಷ್ಟು. "ನಾನು ಮಾತಾಡೋ ರೀತಿಯೇ ಸರಿ ಇಲ್ಲ, ಅದಕ್ಕೇ ಯಾರೂ ಉತ್ತರ ಕೊಡ್ತಿಲ್ಲ ಅಂದ್ಕೊಂಡಿದ್ದೆ ಸರ್."

ಅವನ ದುಡ್ಡು ನಾನು ಕೊಡುತ್ತಿದ್ದೇನೆ, ಎರಡು ಕಂತಿನಲ್ಲಿ. ಬೇಡ ಅಂತಾನೆ, ಆದರೂ ಕೊಡುತ್ತೇನೆ.

ಕೊಳ್ಳುವವರಿಗೆ ಹೇಳುವುದು ಸ್ವಲ್ಪವೇ. ಒಳಗೆ ಏನಿದೆ ಅಂತ ಹೇಳದ ಸೀಲ್ ಮಾಡಿದ ಡಬ್ಬಿ ತಗೋಬೇಡಿ. ಬಿಲ್ ಇಲ್ಲದೆ ದುಡ್ಡು ಹಾಕಬೇಡಿ. ಬಂದ ದಿನವೇ ಮಲ್ಟಿಮೀಟರ್ ಇಡಿ. ಎಸ್‌ಡಬ್ಲ್ಯುಆರ್ ಎಷ್ಟು ಅಂತ ಕೇಳುವ ಬದಲು ಇದರಲ್ಲಿ ಯಾರ ಜೊತೆ ಮಾತಾಡಿದ್ದೀರಿ, ಲಾಗ್ ತೋರಿಸಿ ಅಂತ ಕೇಳಿ. ನನ್ನ ಹಾಗೆ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೂರಬೇಡಿ, ಸಿಗ್ನಲ್ ಹೋಗುತ್ತಿಲ್ಲ ಅಂದರೆ ಮೊದಲ ವಾರವೇ ನೆಟ್‌ನಲ್ಲಿ ಎಲ್ಲರ ಮುಂದೆ ಹೇಳಿ.

ಈಗ ತಾರಸಿ ಮೇಲೆ ಪೈಪ್ ನಿಲ್ಲಿಸಿ ಇನ್ವರ್ಟೆಡ್ ವಿ (ತಲೆಕೆಳಗಾದ ವಿ ಆಕಾರದ ಡೈಪೋಲ್) ಕಟ್ಟಿದ್ದೇನೆ. ಜಾಗ ಇಲ್ಲ ಅಂದುಕೊಂಡಿದ್ದೆನಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಸಾಕಾಯಿತು. ಒಂದು ತುದಿಗೆ ಹಗ್ಗ ಕಟ್ಟಿ ಪಕ್ಕದ ಮನೆಯವರ ತೆಂಗಿನ ಮರಕ್ಕೆ ಬಿಗಿದೆ, ಅವರು ಒಂದು ಮಾತೂ ಆಡದೆ ಒಪ್ಪಿದರು. ಡೈಪೋಲ್ ಲೆಕ್ಕದ 143ನ್ನು 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿ, ಒಟ್ಟು ಸುಮಾರು 20 ಮೀಟರ್, ಮನೆ ವೈರಿಂಗಿಗೆ ಹಾಕುವ 1.5 ಸ್ಕ್ವೇರ್ ಎಂಎಂ ವೈರ್. ಸ್ವಲ್ಪ ಉದ್ದ ಬಿಟ್ಟು ಕತ್ತರಿಸುತ್ತಾ ಬಂದೆ. ಎಸ್‌ಡಬ್ಲ್ಯುಆರ್ 1.6ಕ್ಕೆ ನಿಂತಿತು, ಅಲ್ಲಿಗೇ ಬಿಟ್ಟೆ. 100 ವ್ಯಾಟ್‌ನಲ್ಲಿ ವಾಪಸ್ ಬರುವುದು 5 ವ್ಯಾಟ್ ಅಷ್ಟೇ. ಮೊದಲ ಬೆಳಿಗ್ಗೆ ನೆಟ್‌ನಲ್ಲಿ ಕೂಗಿದಾಗ ಆ ಹಿರಿಯರು "ಎಲ್ಲಿ ಹೋಗಿದ್ರಿ ಇಷ್ಟು ದಿನ, 59 ಇದ್ದೀರಿ" ಅಂದರು. ನನಗೆ ತಕ್ಷಣ ಉತ್ತರ ಕೊಡಲು ಆಗಲಿಲ್ಲ.

ಬೂದು ಡಬ್ಬಿ, ಎರಡೂವರೆ ಮೀಟರ್ ಸರಳು, ಕೆಳಗೆ ನೀಲಿ ಬಣ್ಣದ ನಟ್. ನಿಮ್ಮ ಮನೆ ಮೇಲೆ ಇಂಥದ್ದಿದ್ದರೆ ಇವತ್ತೇ ಮಲ್ಟಿಮೀಟರ್ ಹಿಡಿದು ಹತ್ತಿ, ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ. ಈ ಭಾನುವಾರ ನಾನು ಆ ಹುಡುಗನ ಮನೆಗೆ ಹೋಗುತ್ತಿದ್ದೇನೆ. ವೈರ್ ಅಳೆದು ಕತ್ತರಿಸಿ ಸುತ್ತಿಟ್ಟಿದ್ದೇನೆ, ಅವರ ಹಿತ್ತಿಲಲ್ಲಿ ಎರಡು ಅಡಿಕೆ ಮರ ಇವೆಯಂತೆ.