ಗೈಡ್ ಇದ್ದಾರೆಂದು ಸಿದ್ಧತೆ ಬಿಡಬೇಡಿ: ಗುಲ್ಮಾರ್ಗ್‌ನಲ್ಲಿ ಕೆಟ್ಟುಹೋದ ಒಂದು ಸ್ಕೀ ಟೂರಿಂಗ್ ದಿನ

ಬೆಂಗಳೂರಿನಿಂದ ಹೋದ ನಾಲ್ವರು, ಜೊತೆಗೆ ಒಬ್ಬ ಸ್ಥಳೀಯ ಗೈಡ್. ಫೆಬ್ರವರಿ ತಿಂಗಳು, ಶುಭ್ರ ಆಕಾಶ. ಗೊಂಡೋಲಾದ (ಕೇಬಲ್ ಕಾರ್) ಮೊದಲ ಹಂತದಲ್ಲಿ ಕೊಂಗ್ಡೋರಿಗೆ (ಸುಮಾರು 3,050 ಮೀಟರ್) ಹೋಗಿ, ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಸ್ಕಿನ್ ಎಂಬ ಪಟ್ಟಿ ಹಚ್ಚಿ 500 ಮೀಟರ್ ಏರಿ, ಯಾರೂ ತುಳಿಯದ ಹಿಮದಲ್ಲಿ ಇಳಿಯುವುದು ಅಂದಿನ ಯೋಜನೆ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಹಿಂದಿರುಗಿದ್ದರು. ಏರಿದ್ದು 150 ಮೀಟರ್ ಕೂಡ ಇಲ್ಲ. ಕೊಟ್ಟ ದುಡ್ಡು ವಾಪಸಾಗಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ ಅನ್ನುವುದೊಂದೇ ಪುಣ್ಯ.

ನಾಲ್ವರೂ ಸ್ಕೀ ಬಲ್ಲವರೇ. ಕೋರ್ಸ್ ಮುಗಿಸಿ, ಹದ ಮಾಡಿದ ಇಳಿಜಾರಿನಲ್ಲಿ ಎರಡು ಮೂರು ಚಳಿಗಾಲ ಕಳೆದವರು. ಗೈಡ್‌ನ ತಪ್ಪೂ ಇರಲಿಲ್ಲ. "ಗೈಡ್ ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ" ಎಂದುಕೊಂಡು, ಹಿಂದಿನ ಸಂಜೆ ಬಾಡಿಗೆ ಸಾಮಾನನ್ನು ಚೀಲದಿಂದ ಹೊರಗೇ ತೆಗೆಯದೆ ಮಲಗಿದ್ದು ತಪ್ಪು. ಗೈಡ್ ದಾರಿ ಆರಿಸುತ್ತಾರೆ, ಹಿಮ ಓದುತ್ತಾರೆ, ಬೇಡವೆಂದರೆ ಹಿಂದಕ್ಕೆ ಕರೆತರುತ್ತಾರೆ. ನಿಮ್ಮ ಬೂಟು ನಿಮ್ಮ ಬೈಂಡಿಂಗ್‌ಗೆ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಕೂರುತ್ತದೋ ಇಲ್ಲವೋ ಎಂದು ರಾತ್ರಿ ನಿಮ್ಮ ರೂಮಿಗೆ ಬಂದು ನೋಡುವುದಿಲ್ಲ.

ಮೊದಲು ಕೈಕೊಟ್ಟಿದ್ದೇ ಬೂಟು. ಟೂರಿಂಗ್‌ನಲ್ಲಿ ಈಗ ಹೆಚ್ಚಾಗಿ ಬಳಸುವುದು ಪಿನ್ ಬೈಂಡಿಂಗ್. ಬೂಟಿನ ಮುಂತುದಿಯ ಎಡಬಲಗಳಲ್ಲಿ ಉಕ್ಕಿನ ಎರಡು ಚಿಕ್ಕ ಗುಳಿಗಳಿರುತ್ತವೆ, ಹಿಮ್ಮಡಿಯಲ್ಲಿ ಉಕ್ಕಿನ ಸೀಳುಗಳಿರುತ್ತವೆ. ಬೈಂಡಿಂಗ್‌ನ ಪಿನ್‌ಗಳು ಹಿಡಿಯುವುದು ಇವನ್ನೇ. ಒಬ್ಬರಿಗೆ ಅಂಗಡಿಯವರು ಕೊಟ್ಟಿದ್ದು ಸಾಧಾರಣ ಇಳಿಜಾರು ಬೂಟು, ಅದರಲ್ಲಿ ಗುಳಿಯೇ ಇಲ್ಲ. ಹೊರನೋಟಕ್ಕೆ ಎರಡೂ ಒಂದೇ ಥರ. ಇನ್ನೊಬ್ಬರ ಬೂಟಿನಲ್ಲಿ ಗುಳಿಗಳಿದ್ದವು, ಆದರೆ ತಳದ ಉದ್ದ 318 ಮಿ.ಮೀ., ಬೈಂಡಿಂಗ್ ಹೊಂದಿಸಿದ್ದು 305ಕ್ಕೆ. ತಳದ ಉದ್ದ ಬೂಟಿನ ಹಿಮ್ಮಡಿಯ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಓದಲು ಐದು ಸೆಕೆಂಡ್ ಸಾಕು. ಹಿಂದಿನ ಪಿನ್‌ಗಳಿಗೂ ಬೂಟಿಗೂ ನಡುವೆ ಇರಬೇಕಾದ ಅಂತರ ಬೈಂಡಿಂಗ್‌ನಿಂದ ಬೈಂಡಿಂಗ್‌ಗೆ ಬೇರೆ: ಕೆಲವಕ್ಕೆ 4 ಮಿ.ಮೀ., ಕೆಲವಕ್ಕೆ 5.5, ಕೆಲವಕ್ಕೆ ಅಂತರವೇ ಇರಬಾರದು. ಅಂತರ ತಪ್ಪಿದರೆ ಸ್ಕೀ ಬಾಗಿದಾಗ ಬೂಟು ಬೇಡದ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಬಿಡಬೇಕಾದಾಗ ಬಿಡುವುದಿಲ್ಲ. ಕೊಂಗ್ಡೋರಿಯ ಗಾಳಿಯಲ್ಲಿ, ಕೈಗವಸು ತೆಗೆದು, ಸ್ಕ್ರೂಡ್ರೈವರ್ ಹುಡುಕಿ ಇದನ್ನು ಸರಿಮಾಡುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು. ಗುಳಿ ಇಲ್ಲದ ಬೂಟಿನವರ ಟೂರಿಂಗ್ ಅಲ್ಲಿಗೇ ಮುಗಿಯಿತು, ಅವರು ಗೊಂಡೋಲಾದಲ್ಲಿ ಕೆಳಗಿಳಿದರು.

ಆದ್ದರಿಂದ ಅಂಗಡಿಯಲ್ಲೇ ಬೂಟು ಹಾಕಿ, ಬೈಂಡಿಂಗ್‌ಗೆ ಕೂರಿಸಿ, ನಡಿಗೆಯ ಸ್ಥಿತಿಗೂ ಇಳಿಯುವ ಸ್ಥಿತಿಗೂ ನೀವೇ ಬದಲಿಸಿ ನೋಡಿ. ನಿಮ್ಮ ತೂಕವನ್ನು ಇದ್ದಹಾಗೆ ಹೇಳಿ, ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಎಂಬ ಅಂಕಿ ಅದರ ಮೇಲೆ ನಿಲ್ಲುತ್ತದೆ. ಇನ್ನೊಂದು ಮಾತು: ಏರುವಾಗ ಬೈಂಡಿಂಗ್‌ನ ಮುಂದಿನ ಲಿವರ್ ಎತ್ತಿ ಬೀಗ ಹಾಕುತ್ತೇವೆ, ಇಳಿಯುವ ಮುನ್ನ ಅದನ್ನು ಇಳಿಸಲೇಬೇಕು. ಬೀಗ ಹಾಕಿಯೇ ಇಳಿದು ಬಿದ್ದರೆ ಸ್ಕೀ ಕಳಚುವುದಿಲ್ಲ, ಮುರಿಯುವುದು ಕಾಲು. ಮುಂದಿನ ಸ್ಪ್ರಿಂಗ್ ಅಡಿಯಲ್ಲಿ ಹಿಮ ಗಟ್ಟಿಯಾದರೆ ಪಿನ್ ಪೂರ್ತಿ ಮುಚ್ಚುವುದಿಲ್ಲ. ಕೋಲಿನ ಮೊನೆಯಿಂದ ಕೆರೆದು ತೆಗೆಯಿರಿ. ಬೂಟು ಕೂರಿಸಿದ ಮೇಲೆ ಹಿಮ್ಮಡಿಯನ್ನು ನಾಲ್ಕೈದು ಸಲ ಎತ್ತಿ ಇಳಿಸಿದರೆ ಗುಳಿಯೊಳಗಿನ ಹಿಮವೂ ಉದುರುತ್ತದೆ.

ಉಳಿದ ಮೂವರು ಹೊರಟರು. ಹದಿನೈದೇ ನಿಮಿಷಕ್ಕೆ ಎರಡನೆಯ ತೊಂದರೆ: ಸ್ಕಿನ್. ಸ್ಕಿನ್ ಎಂದರೆ ಸ್ಕೀ ಅಡಿಗೆ ಅಂಟಿಸುವ ಕೂದಲ ಪಟ್ಟಿ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಅದು ಅಡಿಯ ಪೂರ್ತಿ ಅಗಲವನ್ನು ಮುಚ್ಚಬೇಕು, ಎರಡು ಅಂಚಿನ ಉಕ್ಕಷ್ಟೇ ಹೊರಗೆ ಕಾಣಬೇಕು. ಇಲ್ಲಿ ಸ್ಕೀ ನಡುಭಾಗದಲ್ಲಿ 108 ಮಿ.ಮೀ. ಅಗಲ, ಸ್ಕಿನ್ ಕತ್ತರಿಸಿದ್ದು ಸಪೂರವಾದ ಬೇರೆ ಸ್ಕೀಗೆ. ಎರಡೂ ಪಕ್ಕ ಬೆರಳಗಲ ಖಾಲಿ. ನೇರ ಏರುವಾಗ ಹೇಗೋ ನಡೆಯಿತು, ಗಟ್ಟಿ ಹಿಮದ ಮೇಲೆ ಇಳಿಜಾರಿಗೆ ಅಡ್ಡ ಸಾಗಿದಾಗ ಪ್ರತಿ ಹೆಜ್ಜೆಗೂ ಜಾರಿಕೆ.

ಮತ್ತೊಬ್ಬರ ಸ್ಕಿನ್ ಅಂಟಲೇ ಇಲ್ಲ. ಹಿಂದಿನ ದಿನ ಒದ್ದೆಯಾಗಿದ್ದನ್ನು ಹಾಗೇ ಮಡಚಿ ಚೀಲಕ್ಕೆ ತುರುಕಿದ್ದರು, ಅಂಟಿನ ಮೇಲೆ ಹಿಮದ ಹರಳು ಕೂತಿತ್ತು. ಸ್ಕಿನ್ ಒಣಗಿಸಬೇಕಾದ್ದು ರೂಮಿನ ಸಾಧಾರಣ ಬೆಚ್ಚನೆಯಲ್ಲಿ, ನೇತುಹಾಕಿ. ಬುಖಾರಿಯ (ರೂಮು ಬೆಚ್ಚಗಿಡುವ ಒಲೆ) ಹತ್ತಿರ ಖಂಡಿತ ಬೇಡ: ಬಿಸಿಗೆ ಅಂಟು ಕರಗಿ, ಮರುದಿನ ಸ್ಕಿನ್ ಬಿಟ್ಟು ಸ್ಕೀ ಅಡಿಗೆ ಮೆತ್ತಿಕೊಳ್ಳುತ್ತದೆ. ಏರಿ ಮುಗಿದ ಮೇಲೆ ತೆಗೆದ ಸ್ಕಿನ್ನನ್ನು ಜಾಕೆಟ್ ಒಳಗೆ, ಎದೆಗೆ ಒತ್ತಿ ಇಟ್ಟುಕೊಂಡರೆ ಎರಡನೆಯ ಏರಿಕೆಗೂ ಅಂಟುತ್ತದೆ. ಒದ್ದೆ ಹಿಮದಿಂದ ನೆರಳಿನ ಒಣ ಹಿಮಕ್ಕೆ ದಾಟುವಾಗ ಸ್ಕಿನ್ ಅಡಿಯಲ್ಲಿ ಹಿಮ ಮುದ್ದೆಗಟ್ಟುತ್ತದೆ, ಅದಕ್ಕೆ ಸ್ಕಿನ್ ಮೇಣದ ಒಂದು ತುಂಡು ಜೇಬಿನಲ್ಲಿರಲಿ. ಎರಡು ವೋಲೆ ಪಟ್ಟಿ (ಎಳೆದು ಬಿಗಿಯುವ ರಬ್ಬರಿನಂಥ ಪಟ್ಟಿ), ಸ್ವಲ್ಪ ಡಕ್ಟ್ ಟೇಪ್, ಬೈಂಡಿಂಗ್‌ಗೆ ಹೊಂದುವ ಸ್ಕ್ರೂಡ್ರೈವರ್, ಇಷ್ಟಕ್ಕೆ ಇನ್ನೂರು ಗ್ರಾಂ ತೂಕವೂ ಬರುವುದಿಲ್ಲ. ಆ ದಿನ ಮೂವರಲ್ಲಿ ಒಬ್ಬರ ಬಳಿಯೂ ಇದರಲ್ಲಿ ಒಂದೂ ಇರಲಿಲ್ಲ.

ಈಗ ಬೀಕನ್ ವಿಷಯ. ಎಲ್ಲಕ್ಕಿಂತ ದೊಡ್ಡದು ಇದು, ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವುದೂ ಇದನ್ನೇ. ಹಿಮದಡಿ ಸಿಕ್ಕವರನ್ನು ಹುಡುಕುವ ಈ ಯಂತ್ರ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತದೆ. ಹೊರಡುವ ಮುನ್ನ ಗೈಡ್ ಒಬ್ಬೊಬ್ಬರನ್ನೇ ಮುಂದೆ ನಡೆಸಿ ಪರೀಕ್ಷಿಸಿದಾಗ ಒಂದರ ಬ್ಯಾಟರಿ 38 ಪ್ರತಿಶತ ತೋರಿಸಿತು. ಇನ್ನೊಂದು ಮೊಬೈಲ್ ಇಟ್ಟ ಜೇಬಿನಲ್ಲೇ ಇತ್ತು. ಬ್ಯಾಟರಿ 50ರ ಕೆಳಗಿದ್ದರೆ ಹೊಸದು ಹಾಕಿ. ತಯಾರಕರು ಬೇರೆ ಹೇಳದಿದ್ದರೆ ಆಲ್ಕಲೈನ್ ಮಾತ್ರ. ರೀಚಾರ್ಜ್ ಆಗುವ ಸೆಲ್ ಹಾಕಿದರೆ ಪ್ರತಿಶತದ ಲೆಕ್ಕವೇ ಸುಳ್ಳಾಗುತ್ತದೆ. ಮೊಬೈಲ್, ಕ್ಯಾಮೆರಾ, ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ಇವೆಲ್ಲ ಬೀಕನ್‌ನಿಂದ ಕನಿಷ್ಠ 20 ಸೆಂ.ಮೀ. ದೂರ, ಹುಡುಕುವಾಗ 50 ಸೆಂ.ಮೀ. ದೂರ ಇರಬೇಕು. ಬೀಕನ್ ಕಟ್ಟುವುದು ಮೈಮೇಲೆ, ಹೊರ ಜಾಕೆಟ್ಟಿನ ಒಳಗೆ. ಬೆನ್ನಚೀಲದಲ್ಲಿ ಇಡಬೇಡಿ, ಹಿಮ ಚೀಲವನ್ನೇ ಕಿತ್ತೊಯ್ಯಬಹುದು.

ಪ್ರೋಬ್ (ಹೂತವರನ್ನು ಹುಡುಕಲು ಹಿಮಕ್ಕೆ ಚುಚ್ಚುವ, ಮಡಚುವ ಕೋಲು) 240 ಸೆಂ.ಮೀ.ಗೆ ಕಡಿಮೆ ಇರಬಾರದು. ಸಲಿಕೆಯ ಅಲಗು ಲೋಹದ್ದೇ ಆಗಿರಲಿ. ಕುಸಿದು ನಿಂತ ಹಿಮ ಗಾರೆಯಂತೆ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಅಲಗು ಅದರ ಮೇಲೆ ಚಿಮ್ಮುತ್ತದೆ. ಹೂತುಹೋದವರಿಗೆ ಉಳಿಯುವ ಒಳ್ಳೆಯ ಅವಕಾಶ ಇರುವುದು ಮೊದಲ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಹೊರಗಿನಿಂದ ಯಾರೂ ಬಂದು ಮುಟ್ಟುವುದಿಲ್ಲ. ಹೂತುಹೋಗುವವರು ಗೈಡೇ ಆಗಿರಬಹುದು, ಆಗ ಅಗೆಯಬೇಕಾದವರು ನೀವು. ಬೀಕನ್ ಹಿಮದ ಮೇಲ್ಮೈಗೆ ಹತ್ತಿರ ಹಿಡಿದು ಅದು ತೋರಿಸುವ ದೂರದ ಅಂಕಿ ಅತಿ ಕಡಿಮೆ ಬರುವ ಜಾಗ ಹುಡುಕಿ, ಅಲ್ಲಿಂದ 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ ಪ್ರೋಬ್ ಚುಚ್ಚಬೇಕು. ತಗುಲಿದರೆ ಪ್ರೋಬ್ ಕೀಳಬೇಡಿ. ಪ್ರೋಬ್ ತೋರಿಸಿದ ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗೆ ನಿಂತು ಒಳಮುಖವಾಗಿ ಅಗೆಯಿರಿ. ಹೋಟೆಲ್ ಮುಂದಿನ ಹಿಮದಲ್ಲಿ ಒಂದು ಬೀಕನ್ ಹೂತಿಟ್ಟು ಎರಡು ಸಲ ಹುಡುಕಿದರೆ ಒಂದು ಗಂಟೆ ಸಾಕು. ಅಂದಿನ ನಾಲ್ವರಲ್ಲಿ ಮೂವರು ಅದುವರೆಗೆ ಪ್ರೋಬ್ ಬಿಚ್ಚಿಯೂ ನೋಡಿರಲಿಲ್ಲ.

ಇದು ಅತಿಯಾದ ಭಯವಲ್ಲ. ಗುಲ್ಮಾರ್ಗ್‌ನಲ್ಲಿ ಗಸ್ತು ತಂಡ ನೋಡಿಕೊಳ್ಳುವುದು ಗೊಂಡೋಲಾದ ಆಸುಪಾಸಿನ ಗೊತ್ತುಪಡಿಸಿದ ಪ್ರದೇಶ ಮಾತ್ರ. ಅದರಾಚೆಯ ಬೆಟ್ಟ ಇದ್ದ ಹಾಗೇ ಇದೆ. 2023ರ ಫೆಬ್ರವರಿ 1ರಂದು ಅಫರ್ವಾತ್ ಬೆಟ್ಟದ ಹಾಪತ್ ಖುಡ್ ಬದಿಯಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸತ್ತರು. 2024ರ ಫೆಬ್ರವರಿ 22ರ ಕುಸಿತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಚಿಲ್ಲೈ ಕಲಾನ್‌ನ ನಲವತ್ತು ದಿನಗಳ ಕಡುಚಳಿಯಲ್ಲಿ ತೆಳು ಹಿಮದ ತಳ ಸಕ್ಕರೆಯಂತೆ ಒಂದಕ್ಕೊಂದು ಅಂಟದ ಹರಳಾಗುತ್ತದೆ. ಆಮೇಲೆ ಪಶ್ಚಿಮದ ಮಾರುತಗಳು ಒಮ್ಮೆಗೇ ದಪ್ಪ ಹಿಮ ಸುರಿದರೆ ಆ ಭಾರ ಹೊರಲು ಅಡಿಯಲ್ಲಿ ಹಿಡಿತವಿರುವುದಿಲ್ಲ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ, ಸ್ಕೀಗೆ ಎಲ್ಲರೂ ಬಯಸುವ ಇಳಿಜಾರೂ ಅದೇ. ಗೈಡ್ "ಇವತ್ತು ಆ ಕಡೆ ಬೇಡ" ಎಂದರೆ ಚೌಕಾಸಿ ಮಾಡಬೇಡಿ.

ಸ್ಕಿನ್ ಸರಿಮಾಡಿ ಮತ್ತೆ ಏರತೊಡಗಿದಾಗ ಹನ್ನೆರಡಾಗಿತ್ತು. ಸಮಯದ ಒರಟು ಲೆಕ್ಕ ಹೀಗೆ: ದೂರದ ಕಿಲೋಮೀಟರ್‌ಗೆ ಏರಿಕೆಯ ಪ್ರತಿ ನೂರು ಮೀಟರ್‌ಗೆ ಒಂದರಂತೆ ಕೂಡಿಸಿ ನಾಲ್ಕರಿಂದ ಭಾಗಿಸಿ. 3 ಕಿ.ಮೀ., 500 ಮೀಟರ್ ಏರಿಕೆ ಎಂದರೆ ಎಂಟು, ಅಂದರೆ ಎರಡು ಗಂಟೆ. ಮೂರು ಸಾವಿರ ಮೀಟರ್ ಮೇಲೆ, ಹೊಸಬರಿಗೆ, ಇನ್ನೊಂದು ಗಂಟೆ ಸೇರಿಸಿ. ಮಧ್ಯಾಹ್ನ ಮೂರಕ್ಕೆ ತುದಿ ಮುಟ್ಟಿದರೆ ಬಿಸಿಲಿಗೆ ಒದ್ದೆಯಾದ ಹಿಮದಲ್ಲಿ ಇಳಿಯಬೇಕು. ಗೈಡ್ ಹಿಂದಿರುಗಲು ಯೋಚಿಸುತ್ತಿದ್ದಾಗಲೇ ಒಬ್ಬರು ತಲೆನೋವು, ವಾಕರಿಕೆ ಎಂದು ಕೂತರು. ಬೆಳಿಗ್ಗೆಯಿಂದಲೇ ಇತ್ತಂತೆ, ಹೇಳಿರಲಿಲ್ಲ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಿಂದ ಹಿಂದಿನ ದಿನವಷ್ಟೇ ಬಂದು, 2,650 ಮೀಟರ್‌ನಲ್ಲಿ ಒಂದೇ ರಾತ್ರಿ ಮಲಗಿದವರಿಗೆ ಅದು ಬರುವುದು ಸಹಜ. ಟೂರಿಂಗ್‌ಗೆ ಮುನ್ನ ಗುಲ್ಮಾರ್ಗ್‌ನಲ್ಲಿ ಎರಡು ಮೂರು ರಾತ್ರಿ ಇರಿ. ಲಕ್ಷಣ ಕಂಡರೆ ಆಗಲೇ ಹೇಳಿ, ಮೇಲೆ ಹೋಗಬೇಡಿ.

ಗೈಡ್‌ಗೆ ಮುಚ್ಚಿಟ್ಟ ಇನ್ನೊಂದು ಸಂಗತಿಯೂ ಇತ್ತು. ಕಿಕ್ ಟರ್ನ್ ಬರುತ್ತದೆಯೇ ಎಂದು ಕೇಳಿದಾಗ ಎಲ್ಲರೂ ಹೂಂ ಅಂದಿದ್ದರು. ಕಡಿದಾದ ಕಡೆ ನಿಂತಲ್ಲೇ ಒಂದೊಂದೇ ಸ್ಕೀ ತಿರುಗಿಸಿ ದಿಕ್ಕು ಬದಲಿಸುವ ಈ ಹೆಜ್ಜೆ ಒಬ್ಬರಿಗೂ ಬರುತ್ತಿರಲಿಲ್ಲ. ನಿಜ ಹೇಳಿದ್ದರೆ ಅವರು ಇನ್ನೂ ಸೌಮ್ಯವಾದ ದಾರಿ ಆರಿಸುತ್ತಿದ್ದರು.

ಬಟ್ಟೆಬರೆಯಲ್ಲಿ ಮುಖ್ಯವಾದ್ದಿಷ್ಟು: ಮೈಗೆ ತಾಗುವ ಪದರ ಹತ್ತಿಯದಾಗದಿರಲಿ, ಬೆವರು ಆರದೆ ನಿಂತಾಗ ನಡುಕ ಹಿಡಿಯುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿ, ದಪ್ಪ ಜಾಕೆಟ್ ನಿಂತಾಗ ಹಾಕಲು ಚೀಲದಲ್ಲಿರಲಿ. ಕೈಗವಸು ಎರಡು ಜೊತೆ. ನೀರಿನ ಕೊಳವೆಯ ಚೀಲ ಬೇಡ, ಕೊಳವೆ ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಲೀಟರ್ ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮಂಜುಗಡ್ಡೆ ಮುಚ್ಚಳದ ಕಡೆ ಕಟ್ಟುವುದಿಲ್ಲ.

ದುಡ್ಡು ಕಟ್ಟುವ ಮುನ್ನ ಬರಹದಲ್ಲಿ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ, ವೈರ್‌ಲೆಸ್ ಮತ್ತು ಪ್ರಥಮ ಚಿಕಿತ್ಸೆ ಯಾರ ಬಳಿ, ಬೀಕನ್-ಪ್ರೋಬ್-ಸಲಿಕೆ ಶುಲ್ಕದಲ್ಲಿ ಸೇರಿದೆಯೇ, ಹವಾಮಾನ ಕೆಟ್ಟರೆ ಹಣದ ಗತಿ ಏನು. ವಿಮೆಯ ಪತ್ರದಲ್ಲಿ ಹದ ಮಾಡಿದ ಇಳಿಜಾರಿನ ಹೊರಗಿನ ಸ್ಕೀಯನ್ನು ಹೊರಗಿಟ್ಟಿದ್ದಾರೆಯೇ ಓದಿ ನೋಡಿ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ವಿದೇಶದಿಂದ ಬರುವ ನಮ್ಮವರು ಉಪಗ್ರಹ ಫೋನ್ ಅಥವಾ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಯಂತ್ರ ತರಬೇಡಿ. ಪರವಾನಗಿ ಇಲ್ಲದೆ ಅವು ಭಾರತದಲ್ಲಿ ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಪೊಲೀಸರ ಮುಂದೆ ಕೂರಬೇಕಾದೀತು.