ಕನ್ಸಲ್ಟೆಂಟೋ, ನಮ್ಮದೇ ಸಿಬ್ಬಂದಿಯೋ?

ನಿಮ್ಮ ಎನ್‌ಜಿಒ ಮಾತು ಸರ್ಕಾರಕ್ಕೂ ವಿಶ್ವಸಂಸ್ಥೆಗೂ ಮುಟ್ಟಬೇಕು. ಯಾರನ್ನು ನೇಮಿಸುವುದು?

ರಾಜ್ಯಮಟ್ಟದ ಕೆಲಸಕ್ಕೆ ನಮ್ಮವರೇ ವಾಸಿ. ಕಡತ ಯಾವ ಟೇಬಲ್ಲಿನಲ್ಲಿ ಕೂತಿದೆ ಎಂದು ಎಡತಾಕಿ ವಿಚಾರಿಸಲು ತಾಳ್ಮೆಯ ಒಬ್ಬರು ಸಾಕು. ಕನ್ಸಲ್ಟೆಂಟ್ ಭೇಟಿ ಕೊಡಿಸಬಹುದು, ಅಧಿಕಾರಿಯ ಮರುಪ್ರಶ್ನೆಗೆ ಉತ್ತರಿಸುವವರು ನೀವೇ.

ವಿಶ್ವಸಂಸ್ಥೆಯ ಕಥೆ ಬೇರೆ. ಅಲ್ಲಿನ ಸಭೆಗಳಲ್ಲಿ ಭಾಗವಹಿಸಲು ಎನ್‌ಜಿಒಗೆ ಇಕೋಸಾಕ್ (ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ) ಕೊಡುವ ಮಾನ್ಯತೆಯೇ ಸಲಹಾ ಸ್ಥಾನಮಾನ. ಅದರ ಅರ್ಜಿಗೆ ಶುಲ್ಕವಿಲ್ಲ. ಸಂಸ್ಥೆಗೆ ಕನಿಷ್ಠ 2 ವರ್ಷ ತುಂಬಿರಬೇಕು. ಆದರೆ ಅರ್ಜಿ ಪರಿಶೀಲಿಸುವುದು 19 ದೇಶಗಳ ಸಮಿತಿ. ಒಂದು ದೇಶ ಪ್ರಶ್ನೆ ಎತ್ತಿದರೂ ಅರ್ಜಿ ಮುಂದಿನ ಅಧಿವೇಶನಕ್ಕೆ ಹೋಗಬಹುದು, ಹೀಗೇ ವರ್ಷಗಟ್ಟಲೆ ನೇತಾಡಿದ ಅರ್ಜಿಗಳಿವೆ. ಅಂಥ ಪ್ರಶ್ನೆಗಳಿಗೆ ಉತ್ತರ ಬರೆದು ಪಳಗಿದವರಿಗೆ ಕೊಟ್ಟ ಫೀಸು ದಂಡವಲ್ಲ. ‘ಗ್ಯಾರಂಟಿ ಕೊಡಿಸ್ತೀವಿ’ ಅಂದವರಿಗೆ ಮಾತ್ರ ದೂರದಿಂದಲೇ ನಮಸ್ಕಾರ ಹೇಳಿ.

ವಿದೇಶಿ ದೇಣಿಗೆಯಿಂದ ಫೀಸು ಕೊಡುವುದಾದರೆ ಮೊದಲು ಆಡಿಟರನ್ನು ಕೇಳಿ. ಎಫ್‌ಸಿಆರ್‌ಎಗೆ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) 2020ರಲ್ಲಿ ಬಂದ ತಿದ್ದುಪಡಿ, ಆ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದೆ. ವೃತ್ತಿಪರ ಶುಲ್ಕವೂ ಅದರೊಳಗೇ ಬರುತ್ತದೆ.

ಸಣ್ಣ ಸಂಸ್ಥೆಯಾದರೆ ಅರ್ಜಿಯ ಮಟ್ಟಿಗಷ್ಟೇ ಕನ್ಸಲ್ಟೆಂಟ್ ಸಾಕು, ತಿಂಗಳ ಒಪ್ಪಂದ ಬೇಡ. ಸಲಹಾ ಸ್ಥಾನಮಾನದ ಒಂದು ದರ್ಜೆಯಾದ ‘ವಿಶೇಷ ಸ್ಥಾನಮಾನ’ ಸಿಕ್ಕ ಮೇಲೆ 4 ವರ್ಷಕ್ಕೊಮ್ಮೆ ಕೊಡಬೇಕಾದ ವರದಿಯನ್ನು ನಿಮ್ಮ ಸಿಬ್ಬಂದಿಯೇ ಬರೆಯಲಿ.